ತೆಗೆದ ಮಣ್ಣು

ರಾತ್ರಿ ಹತ್ತಕ್ಕೆ, ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರುವುದಿಲ್ಲ,
ಮಗಳು ಜಶ್ಮಿಯ ಕಂಪ್ಯೂಟರಿನೆದುರು ಕೂರುತ್ತೇನೆ.
ಸುಂಟಿಕೊಪ್ಪದ ಬಾಡಿಗೆ ಮನೆ, ಒಂದೂವರೆ ಕೋಣೆ.
ಪರದೆಯೊಳಗೆ ನನ್ನದೊಂದು ಊರು:
ಜನ ಹನ್ನೊಂದು ಸಾವಿರದ ನಾನೂರು,
ಖಜಾನೆ ಕೆಂಪಕ್ಷರದಲ್ಲಿ.

ಮೊದಲ ಊರು ಮೂರೇ ದಿನ ಬಾಳಿತ್ತು.
ಹೊಳೆಯ ಮೇಲ್ಗಡೆ ಚರಂಡಿ ಬಿಟ್ಟು
ಕೆಳಗಡೆ ಕುಡಿಯುವ ನೀರಿಗೆ ಪಂಪು ಇಟ್ಟಿದ್ದೆ.
ಒಂದೊಂದು ಮಾಡಿನ ಮೇಲೂ ಕಾಯಿಲೆಯ ಗುರುತು.
"ಅಪ್ಪ, ನೀರು ಯಾವ ಕಡೆ ಹರಿಯುತ್ತೆ ಅಂತ ನೋಡಲ್ವಾ?"
ಕೇಳಿದಳು ಜಶ್ಮಿ,
ಇಪ್ಪತ್ತೆರಡು ವರ್ಷ ಜೆಸಿಬಿ ಓಡಿಸಿದವನನ್ನು.

ಎರಡನೆಯದು ಸಾಲದಲ್ಲಿ ಮುಳುಗಿತು. ಬಸ್ಸಿಗೂ ಮೊದಲೇ
ಆಸೆಗೆ ಬಿದ್ದು ಕ್ರೀಡಾಂಗಣ ಕಟ್ಟಿದ್ದೆ.
ಈ ಮೂರನೆಯದರಲ್ಲಿ ಲಾರಿಗಳೆಲ್ಲ ಒಂದೇ ಸರ್ಕಲ್ಲಿಗೆ ಬಂದು
ಕಚ್ಚಿಕೊಂಡು ನಿಂತಿವೆ; ನಡುವೆ
ಹೆಣದ ಗಾಡಿಯೊಂದು ಎರಡು ದಿನದಿಂದ ಅಲ್ಲೇ ಇದೆ.
ಹೊಸ ರಸ್ತೆ ಎಳೆದೆ. ಜಾಮು ಪಕ್ಕದ ಸರ್ಕಲ್ಲಿಗೆ ದಾಟಿತು, ಅಷ್ಟೆ.

ತಲೆ ಕೆಡುತ್ತದೆ, ಬಿಡಲಾಗುವುದಿಲ್ಲ.
ಯಾಕೆಂದು ಹೆಂಡತಿ ಕೇಳಿದರೆ ಏನು ಹೇಳಲಿ?
ಹಗಲೆಲ್ಲ ಯಾರೋ ಎಳೆದ ಸುಣ್ಣದ ಗೆರೆಗೆ
ಬಕೆಟ್ಟಿನ ಹಲ್ಲು ಊರುವವನು ನಾನು.
ಇಲ್ಲಿ ಗೆರೆ ನನ್ನದು.
ಖಾಲಿ ಸೈಟಿನಲ್ಲಿ ಮೊದಲ ದೀಪ ಹತ್ತಿ
ಬೆರಳಿನ ಉಗುರಿಗಿಂತ ಸಣ್ಣ ಮನುಷ್ಯನೊಬ್ಬ
ನಾಯಿ ಹಿಡಿದು ಗೇಟು ದಾಟುವಾಗ
ಉಸಿರು ಬಿಗಿಹಿಡಿದು ನೋಡುತ್ತೇನೆ,
ಅವನಿಗೆ ನನ್ನ ಗುರುತಿಲ್ಲ.

ನಿನ್ನೆ ಆಸ್ಪತ್ರೆಗೆ ಜಾಗ ಬೇಕಿತ್ತು. ಅಲ್ಲೊಂದು ಗುಡ್ಡ.
"ಇದನ್ನು ಒತ್ತಿ, ಹೀಗೆ ಉಜ್ಜಿ" ಎಂದಳು.
ಉಜ್ಜಿದೆ. ಇಸ್ತ್ರಿಪೆಟ್ಟಿಗೆಯಡಿ ಅಂಗಿಯ ಸುಕ್ಕು ಹೋದಂತೆ
ಗುಡ್ಡ ಹೋಯಿತು.
ಸದ್ದಿಲ್ಲ, ಡೀಸೆಲ್ಲಿಲ್ಲ, ಒಂದು ಬೇರೂ ಹರಿಯಲಿಲ್ಲ.
"ಆ ಮಣ್ಣು ಎಲ್ಲಿಗೆ ಹೋಯ್ತು?" ಕೇಳಿದೆ.
"ಯಾವ ಮಣ್ಣು?"

ಯಾವ ಮಣ್ಣು!
ನನ್ನ ಕಸುಬಿನಲ್ಲಿ ಅಗೆಯುವುದು ಒಂದು ಪಾಲು,
ಅಗೆದದ್ದನ್ನು ಎಲ್ಲಿಡುವುದೆಂಬುದು ಮೂರು ಪಾಲು.
ಗುಡ್ಡದೊಳಗೆ ಒತ್ತಿಕೊಂಡು ಮಲಗಿದ್ದದ್ದು
ಹೊರಬಂದರೆ ಅನ್ನದಂತೆ ಅರಳುತ್ತದೆ.
ಸೆಲ್ವರಾಜನ ಟಿಪ್ಪರು ದಿನಕ್ಕೆ ಇಪ್ಪತ್ತು ಟ್ರಿಪ್ಪು:
ಗದ್ದೆ ತುಂಬಿಸುವವರಿಗೆ, ಅಂಗಳ ಎತ್ತರಿಸುವವರಿಗೆ,
ಯಾರಿಗೂ ಬೇಡವಾದಾಗ ಕತ್ತಲಲ್ಲಿ, ಲೈಟು ಆರಿಸಿ,
ತೋಡಿನ ಅಂಚಿಗೆ.
ಹೇಳಬಾರದಿತ್ತು. ಹೇಳಿದೆ.

ಇನ್ನೊಂದನ್ನು ಹೇಳಲಿಲ್ಲ.
ಮಾದಾಪುರದ ಕಡೆ ಹೋಂಸ್ಟೇಗೆ ಬರೆ ಕಡಿಯುವಾಗ
ಕೆಂಪು ಮೈ ಬೆವರಿದ್ದು ನೋಡಿದ್ದೇನೆ,
ಮೋಡವೇ ಇಲ್ಲದ ಫೆಬ್ರವರಿಯಲ್ಲಿ.
ಬಕೆಟ್ ಎತ್ತಿ ಹಿಡಿದು ಸುಮ್ಮನೆ ಕೂತಿದ್ದೆ.
ಕೆಳಗಿನಿಂದ ಮೊಯ್ದು ಕೂಗಿದ: "ಗಂಟೆ ಲೆಕ್ಕ ಓಡ್ತಾ ಉಂಟು!"
ಇಳಿಸಿದೆ.

ಜಶ್ಮಿ ಮಲಗಿದ ಮೇಲೆ, ಆಟ ಕೇಳದಿದ್ದರೂ,
ನಕ್ಷೆಯ ಮೂಲೆಯಲ್ಲಿ ನೆಲ ಎತ್ತರಿಸುತ್ತಾ ಕೂತೆ.
ಆಸ್ಪತ್ರೆಯ ಗುಡ್ಡ ಎಷ್ಟಿತ್ತೋ ಅಷ್ಟು, ಅರಳಿದ್ದೂ ಸೇರಿ,
ಲೋಡು ಲೋಡಾಗಿ ಬಾಯಲ್ಲೇ ಎಣಿಸಿ.
ಖಜಾನೆ ಇನ್ನಷ್ಟು ಕೆಂಪಾಯಿತು.
ಎಣಿಕೆ ಮುಗಿಯುವ ಹೊತ್ತಿಗೆ ದಿಬ್ಬದ ಕಾಲು ಹೊಳೆಗೆ ತಾಗಿತ್ತು.
ನೀರು ಹಿಂದಕ್ಕೆ ತಿರುಗಿ
ಒಂದು ಬೀದಿಯನ್ನು ಸಾವಕಾಶವಾಗಿ ಓದತೊಡಗಿತು.
ಆಟ ನಿಲ್ಲಿಸಿದೆ. ನಾಯಿಯವನು ಎತ್ತಿದ ಕಾಲು
ಎತ್ತಿದ ಹಾಗೇ ಉಳಿಯಿತು.

ಬೆಳಿಗ್ಗೆ ಆರಕ್ಕೆ ಮೊಯ್ದುವಿನ ಫೋನು.
ಹೊಸ ಸೈಟು, ಎರಡು ದಿನದ ಕೆಲಸ, ಸಮ ಮಾಡಿಕೊಟ್ಟರೆ ಸಾಕಂತೆ.
ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಜಶ್ಮಿ ಕೇಳಿದಳು:
"ಇವತ್ತಿನದು ಎಲ್ಲಿ ಹಾಕ್ತೀರಿ?"
ಕೀಲಿ ಹುಡುಕುವವನಂತೆ ಜೇಬು ತಡವಿದೆ.
ಕೀಲಿ ಕೈಯಲ್ಲೇ ಇತ್ತು.