ಸೊನ್ನೆ ರೂಪಾಯಿಯ ಟಿಕೇಟು

ಬುಧವಾರವೇ ಆಗಬೇಕು ಅಂದೆ.
ಶನಿವಾರ ಭಾನುವಾರ ಮಡಿಕೇರಿ ನಮ್ಮದಲ್ಲ,
ಕಾರಿನವರದು.
ಮೇ ಬಂದರೆ ಯೂನಿಫಾರ್ಮಿನ ರಾಶಿ,
ಪೆಡಲಿನಿಂದ ಕಾಲು ಕೀಳುವ ಹಾಗಿಲ್ಲ.
ಇವರಿಗೆ ಕ್ಯೂರಿಂಗಿನಲ್ಲಿ ರಜೆ ಕೇಳಿದರೆ
ಸೂಪರ್‌ವೈಸರ್ ಕ್ಯಾಲೆಂಡರನ್ನೇ ತಿರುಗಿಸಿಡುತ್ತಾನಂತೆ.
ಹಾಗಾಗಿ ನಾನು, ಅತ್ತೆ, ಜಶ್ಮಿ, ಲಕ್ಷಿತ,
ಮತ್ತು ಎರಡು ಬ್ಲೌಸು, ಮೂರು ಸೀರೆಯ ಫಾಲ್ಸಿನ
ನಾನೂರ ಮೂವತ್ತು.

ಸುಂಟಿಕೊಪ್ಪದ ಸ್ಟ್ಯಾಂಡಿನಲ್ಲಿ
ಎರಡು ಪ್ರೈವೇಟ್ ಬಸ್ಸು ಬಿಟ್ಟೆವು.
ಖಾಲಿ ಸೀಟು ತೋರಿಸಿ ಕರೆದ ಕ್ಲೀನರಿಗೆ
ಅತ್ತೆ ಮುಖ ತಿರುಗಿಸಿದರು:
"ನಮ್ಮದು ಬರ್ತದೆ."
ಹೆಂಗಸರಿಗೆ ಪುಕ್ಕಟೆಯಾದ ಮೇಲೆ
ಸರ್ಕಾರವೇ ತವರುಮನೆ ಕಡೆಯದು ಅನ್ನುವ ಹಾಗೆ ಮಾತಾಡುತ್ತಾರೆ.
ಆಧಾರ್ ಕಾರ್ಡು ಎಲೆಯಡಿಕೆ ಚೀಲದಲ್ಲಿ,
ಸುಣ್ಣದ ಡಬ್ಬಿಯ ಪಕ್ಕ.

ಮುಕ್ಕಾಲು ಗಂಟೆಗೆ ಬಂತು.
ಮಿಷನ್ನಿನಿಂದ ಕಿರ್ರೆಂದು ಮೂರು ಸೊನ್ನೆ ಹೊರಬಿದ್ದವು.
ಹುಡುಗನಿಗೆಷ್ಟು ವಯಸ್ಸು? ಕಂಡಕ್ಟರ್ ಕೇಳಿದ.
ಐದು, ಅಂದೆ, ಕಿಟಕಿಯಾಚೆ ನೋಡುತ್ತ.
"ಏಳು!"
ನನ್ನ ಸೊಂಟದ ಹತ್ತಿರದಿಂದ ಬಂತು ಧ್ವನಿ,
"ಜೂನಿಗೆ ಎರಡನೇ ಕ್ಲಾಸು!"
ಬಸ್ಸು ಪೂರಾ ನಕ್ಕಿತು. ಡ್ರೈವರ್ ಕನ್ನಡಿಯಲ್ಲಿ ನಕ್ಕ.
ಅರ್ಧ ಟಿಕೇಟು, ಹನ್ನೆರಡು ರೂಪಾಯಿ.
ಅದನ್ನು ಅಂಗೈಯಲ್ಲಿ ತಿಕ್ಕಿ ನೆಟ್ಟಗೆ ಮಾಡಿ
ಅಕ್ಕನ ಮೂಗಿಗೆ ಹಿಡಿದ:
"ನಿಂದು ಬರೀ ಸೊನ್ನೆ. ನಂದು ದುಡ್ಡಿನ ಟಿಕೇಟು."

ಕೋಟೆಯೊಳಗೆ ಹೋಗಲು ಯಾರೂ ಏನೂ ಕೇಳಲಿಲ್ಲ.
ಅಂಗಳದಲ್ಲಿ ಗಾರೆಯ ಎರಡಾನೆ.
ಇಷ್ಟು ಹತ್ತಿರದಲ್ಲಿ ಆನೆ ಕಂಡೂ ಓಡದೆ ನಿಂತದ್ದು
ಅತ್ತೆಗೆ ಇದೇ ಮೊದಲು.
ಕಾಲು ಸವರಿದರು, ಸೊಂಡಿಲು ಸವರಿದರು,
"ಇದು ವಾಸಿ. ಬಾಳೆ ಮುರಿಯುವುದಿಲ್ಲ" ಅಂದರು.

ಓಂಕಾರೇಶ್ವರನ ಕೆರೆಯ ಮೀನಿಗೆ ಹತ್ತು ರೂಪಾಯಿ ಮಂಡಕ್ಕಿ;
ಮೀನು ಅರ್ಧ ತಿಂದವು, ಮಕ್ಕಳು ಅರ್ಧ.
ಹೊರಗೆ ಮರದಡಿ ಬಾಳೆಲೆ ಬಿಚ್ಚಿದೆ:
ಅಕ್ಕಿರೊಟ್ಟಿ, ಎಳ್ಳಿನ ಪಜ್ಜಿ,
ಕಾಡುಮಾವಿನ ಉಪ್ಪಿನಕಾಯಿ.
ಎಣ್ಣೆ ಸೋರಿ ಜಶ್ಮಿಯ ಫ್ರಾಕಿಗೆ ತಾಗಿ
ಅವಳ ಬಾಯಿ ಅರ್ಧ ಗಂಟೆ ಊದಿಕೊಂಡಿತ್ತು,
ಇಪ್ಪತ್ತರ ಐಸ್‌ಕ್ಯಾಂಡಿ ಬರುವ ತನಕ.

ರಾಜಾಸೀಟಿಗೆ ತಲೆಗೆ ಇಪ್ಪತ್ತು.
ನಾಲ್ಕು ತಲೆ. ಎಣಿಸಿ ಕೊಟ್ಟೆ.
ಕಟ್ಟೆಯ ಹತ್ತಿರ ಹೋಗುವಷ್ಟರಲ್ಲಿ
ಕೆಳಗಿನಿಂದ ಮಂಜು ಎದ್ದು
ಕಣಿವೆಯನ್ನು ಪೂರಾ ಒಳಗೆ ತೆಗೆದುಕೊಂಡಿತು.
"ದುಡ್ಡು ವಾಪಸ್ ಕೊಡ್ತಾರಾ?" ಅತ್ತೆ ಕೇಳಿದರು.
ನಾವು ಬಿಳಿಯನ್ನೇ ನೋಡುತ್ತ ಕುಳಿತೆವು,
ಬೇರೆಯವರೂ ನೋಡುತ್ತಿದ್ದರು,
ಒಬ್ಬಾತ ಅದರ ಫೋಟೋ ತೆಗೆದ.
ಲಕ್ಷಿತ ಮಾತ್ರ ಬೆನ್ನು ಬಗ್ಗಿಸಿ
ಹೂವಿನ ಮಡಿಗಳ ಅಂಚಿನಲ್ಲಿ ತಿರುಗುತ್ತಿದ್ದ.
ಏನೋ ಬೀಳಿಸಿಕೊಂಡಿದ್ದಾನೆ ಅಂದುಕೊಂಡೆ.

ರಾತ್ರಿ ಚಡ್ಡಿ ನೆನೆಸುವ ಮೊದಲು ಜೇಬಿಗೆ ಕೈ ಹಾಕಿದರೆ
ಹದಿಮೂರು ಟಿಕೇಟು.
ಒಂದರ ಮೇಲೆ ಚಹಾ ಲೋಟದ ಬಳೆ,
ಒಂದರಲ್ಲಿ ಯಾರದೋ ಚಪ್ಪಲಿಯ ಗೆರೆ,
ಕೇರಳದ ನಂಬರಿನ ಪಾರ್ಕಿಂಗ್ ಚೀಟಿಯೊಂದು.
ರಜೆಯಲ್ಲಿ ಹೋದ ಜಾಗದ ಟಿಕೇಟು ಅಂಟಿಸಿ
ಆಲ್ಬಮ್ ತರಬೇಕಂತೆ, ಮಿಸ್ಸು ಹೇಳಿದ್ದಾರಂತೆ.
ಅನ್ನದ ಅಗುಳು ಹಿಸುಕಿ ಅಂಟಿಸುತ್ತ ಕುಳಿತ:
"ಇದು ನಮ್ಮ ಮಾವನದು. ಇದು ಮಾವನ ಫ್ರೆಂಡಿಂದು.
ಇದು ನಮ್ಮ ಕಾರು ನಿಲ್ಲಿಸಿದ್ದು."
"ಸುಳ್ಳು! ಮಿಸ್ಸಿಗೆ ಹೇಳ್ತೇನೆ," ಜಶ್ಮಿ ಚೀರಿದಳು.
"ಅಮ್ಮಾ, ನೀನಾದರೂ ಹೇಳು."

ಬಸ್ಸಿನಲ್ಲಿ ಐದು ಅಂದವಳು ನಾನು.
ಸೂಜಿಗೆ ದಾರ ಹಾಕುತ್ತಿದ್ದವಳ ಹಾಗೆ
ಬೆಳಕಿನ ಕಡೆ ತಿರುಗಿದೆ.
ಇನ್ನೂರ ಎಪ್ಪತ್ತಾರು ಅಕ್ಕಿ ಡಬ್ಬಕ್ಕೆ ವಾಪಸ್ ಹಾಕಿದೆ.

ನನ್ನ ಸೊನ್ನೆ ಕೊಟ್ಟೆ, ಅಂಟಿಸಿದ.
ಅಕ್ಕನದನ್ನೂ, ಒಂದು ಏಟು ತಿಂದು, ಅಂಟಿಸಿದ.
ಅತ್ತೆಯ ಮುಂದೆ ಕೈ ಚಾಚಿದ.
ಅವರು ಚೀಲದ ಬಾಯಿಯನ್ನು ಬಿಗಿ ಎಳೆದು
ತಲೆದಿಂಬಿನ ಕೆಳಗೆ ತಳ್ಳಿದರು:
"ನಂದು ನನಗೇ ಬೇಕು ಮಗಾ."