ಕಿವಿಯ ಬಳಿ ಹಕ್ಕಿ

ಡಾಂಬರು ಇಳಿಸಲು ಬಂದ ಹಡಗಿನ ಎರಡನೇ ಇಂಜಿನಿಯರು
ಬೈತಖೋಲದಿಂದ ರಿಕ್ಷಾ ಹಿಡಿದು ನಮ್ಮ ಅಂಗಡಿಗೆ ಬಂದ.
ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ:
ಅವನೂರಿನ ಮ್ಯೂಸಿಯಮ್ಮಿನ ಚಿನ್ನದ ಬಿಲ್ಲೆ,
ಯಾರದೋ ಹೊಲ ಉಳುವಾಗ ಎದ್ದದ್ದು,
ಸಾವಿರದೈನೂರು ವರ್ಷವಂತೆ.
ಮಗಳ ಕೊರಳಿಗೆ ಇಂಥದೇ ಬೇಕು, ಬೆಳ್ಳಿಯಾದರೂ ಸರಿ,
ಶುಕ್ರವಾರ ಹಡಗು ಬಿಡುತ್ತದೆ.

ಅಪ್ಪ ಭೂತಗನ್ನಡಿ ಹಿಡಿದು
ಮೊದಲು ನೋಡಿದ್ದು ದೇವರನ್ನಲ್ಲ, ಕೊಂಡಿಯನ್ನು.
‘ಒಳಗೆ ಸವೆದಿದೆ. ಯಾರೋ ಹಾಕಿಕೊಂಡೇ ತಿರುಗಿದ್ದಾರೆ.’
ಆಮೇಲೆ ಅಂಚು. ಆಮೇಲೆ ತಗಡು.
‘ಒಂದೇ ಮುಖ, ಹಿಂದಿನದು ಟೊಳ್ಳು.
ಚಿನ್ನ ಉಳಿಸಿದ್ದಾನೆ ಕಳ್ಳ!’
ಕಳ್ಳ ಎನ್ನುವಾಗ ದನಿಯಲ್ಲಿ
ದಾಯಾದಿಯ ಸಲುಗೆ.

ಇನ್ನು ಚಿತ್ರ.
ಒಂದು ತಲೆ. ಮೈಯಿಲ್ಲ, ಕೈಯಿಲ್ಲ,
ಗಲ್ಲದ ಕೆಳಗೇ ನಾಲ್ಕು ಕಾಲಿನದೊಂದು:
ಕುದುರೆ ಅನ್ನೋಣವೆಂದರೆ ಕೊಂಬು,
ಎತ್ತು ಅನ್ನೋಣವೆಂದರೆ ಗಡ್ಡ,
ಹೋತ ಅಂದರೆ ಆ ಕುತ್ತಿಗೆ ಎಲ್ಲಿಯದು?
ಮುಂಗಾಲು ಮಡಿಸಿ ಓಡುತ್ತಿದೆಯೋ, ಮುಗ್ಗರಿಸಿದೆಯೋ.
ಒಂದು ಹಕ್ಕಿ, ಅದರ ಕೊಕ್ಕು ತಲೆಯ ಕಿವಿಗೆ ತಾಗಿದೆ.
ಸುತ್ತ ಅಕ್ಷರ, ಅಥವಾ
ಅಕ್ಷರ ಅಂದುಕೊಂಡು ಕೊರೆದ ಗೀಟುಗಳು.

ಯಾವ ದೇವರು ಅಂತ ನಾನು ಕೇಳಿದೆ.
ಭುಜ ಹಾರಿಸಿದ. ಓದಿದವರು ಜಗಳಾಡುತ್ತಾರಂತೆ.
ಉಳುಕಿದ ಕುದುರೆಗೆ ಉಸಿರೂದಿ ವಾಸಿಮಾಡುವವನು ಎಂದು ಕೆಲವರು;
ಅಲ್ಲ, ರೋಮಿನ ದೊರೆ, ಹಳೇ ನಾಣ್ಯ ನೋಡಿ ಕುಟ್ಟಿದ್ದು ಎಂದು ಕೆಲವರು.

ನಾಣ್ಯ ಎಂಬ ಮಾತು ಅಪ್ಪನ ಎಡಗಿವಿಗೆ ಬಿತ್ತು.
(ಬಲಗಿವಿ ಸುತ್ತಿಗೆಯ ಪಾಲಾಗಿ ಹನ್ನೆರಡು ವರ್ಷ.)
ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದ.
ಅದರಲ್ಲಿ ನಮ್ಮ ಪುತಳಿ ಸರದ ಅಚ್ಚು,
ಎಂದೋ ಹಡಗಿನಿಂದ ಇಳಿದ ನಾಣ್ಯ ನೋಡಿ
ಅಜ್ಜನ ಅಜ್ಜ ಕೊರೆದದ್ದು.
ಉದ್ದಂಗಿಯ ಒಬ್ಬ ಮಂಡಿಯೂರಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ,
ನಡುವೆ ಒಂದು ಬಾವುಟದ ಕೋಲು.
ಕೋಡಿಬಾಗದಿಂದ ಮಾಜಾಳಿಯ ತನಕ
ಹೆಂಗಸರ ಕೊರಳಲ್ಲಿ ಅವರು ರಾಮ ಸೀತೆ.
ಸುತ್ತಲ ಬರಹ ನಮ್ಮಲ್ಲಿ ಯಾರೂ ಓದಿಲ್ಲ.
ಅಚ್ಚಿನಿಂದ ಅಚ್ಚಿಗೆ ಒಂದೊಂದು ಕಡ್ಡಿ ಉದುರಿ
ಈಗ ಅದು ಇರುವೆ ಸಾಲು.
ಇಂಜಿನಿಯರು ತುಂಬ ಹೊತ್ತು ನೋಡಿದ.

ಎರಡು ರಾತ್ರಿ ಅರಗಿನ ಮೇಲೆ ತಗಡಿಟ್ಟು ಕೆಲಸ.
ನಾನು ಊದುಗೊಳವೆ ಹಿಡಿದೆ.
ಮೃಗ ಸಲೀಸಾಗಿ ಬಂತು.
‘ಕುದುರೆ ಅಂದುಕೊಂಡರೆ ಎತ್ತಾಗುತ್ತದೆ ಮಾರಾಯ್ತಿ,
ಏನೂ ಅಂದುಕೊಳ್ಳದೆ ಹೊಡೆದರೆ ಅದೇ ಆಗುತ್ತದೆ.’
ಹಕ್ಕಿಯ ಹತ್ತಿರ ಉಳಿ ನಿಂತಿತು.
ಕಚ್ಚುತ್ತಿದೆಯೋ, ಹೇಳುತ್ತಿದೆಯೋ?
ಗೊತ್ತಿಲ್ಲದೆ ಕೊಕ್ಕು ಎಷ್ಟು ತೆರೆಯಲಿ?

ಗುರುವಾರ ಬೆಳಿಗ್ಗೆ ಅಪ್ಪ ಕಾಣಲಿಲ್ಲ.
ಹುಡುಕಿಕೊಂಡು ಹೋದರೆ ಕಾಳಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.
ಎದುರಿಗೆ ಕೆಸರಲ್ಲಿ ಒಂದು ಎಮ್ಮೆ,
ಅದರ ಕಿವಿಯೊಳಗೆ ತಲೆ ತೂರಿಸಿದ ಕಾಗೆ.
ಉಣ್ಣೆ ಹೆಕ್ಕುತ್ತಿತ್ತು.
ಎಮ್ಮೆ ತಾನಾಗಿ ಕಿವಿ ಬಾಗಿಸಿ
ಅರ್ಧ ಕಣ್ಣು ಮುಚ್ಚಿತ್ತು.

ಅಂದು ಮಧ್ಯಾಹ್ನ ಬಿಲ್ಲೆ ಮುಗಿಯಿತು.
‘ಚಿತ್ರದಲ್ಲಿ ದೇವರ ಕಣ್ಣು ಪೂರ್ತಿ ತೆರೆದಿದೆ’ ಅಂದೆ.
ಅಪ್ಪ ಬಲಗಿವಿ ನನ್ನ ಕಡೆ ತಿರುಗಿಸಿ ಕೂತ.

ಇಂಜಿನಿಯರು ಕಾಗದ ಬಿಚ್ಚಲೇ ಇಲ್ಲ.
ಹಣ ಎಣಿಸಿದ, ಬಿಲ್ಲೆಯನ್ನು ಅಂಗಿಯ ಒಳಜೇಬಿಗಿಟ್ಟ, ಹೋದ.

ಸೀಸದಲ್ಲಿ ಮಾಡಿದ ಮೊದಲ ಪ್ರತಿ ಮೇಜಿನ ಮೇಲೇ ಇತ್ತು.
ಸಂಜೆ ಮೀನು ಮಾರಿ ಮುಗಿಸಿ ರುಕ್ಮಾ ತಾಂಡೇಲ ಬಂದಳು,
ಖಾಲಿ ಬುಟ್ಟಿ ಮೆಟ್ಟಿಲಲ್ಲಿಟ್ಟು.
‘ಯಾವ ದೇವರು ಇದು, ರಾಯ್ಕರ್ರೇ?’
‘ದೂರದ್ದು.’
‘ಕಾಗೆ ಇದೆಯಲ್ಲ, ನಮ್ಮ ಹಿರಿಯರದೇ ಇರಬೇಕು.’
ಒದ್ದೆ ಬೆರಳು ಸೆರಗಿಗೆ ಒರೆಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.
ಆಮೇಲೆ ಬಂದ ಕೆಲಸ ನೆನಪಾಗಿ
‘ತಿರುಪು ಸಡಿಲಾಗಿದೆ, ನೋಡಿ’ ಎಂದು
ಕುಡ್ಕು ಹಾಕಿದ ಕಿವಿ ಬಾಗಿಸಿ ಕೂತಳು.
ಅಪ್ಪ ಚಿಮಟ ಹಿಡಿದು ಹತ್ತಿರ ಸರಿದ.