ಹದಿನೆಂಟು ನೆರಿಗೆ

ಸವಳಂಗ ರಸ್ತೆಯಲ್ಲಿ ಮೊದಲು ಟಯರ್ ಅಂಗಡಿ ಇತ್ತಲ್ಲ,
ಅಲ್ಲೀಗ ಹಬೆ.
ಗಾಜಿನ ಮೇಲೆ ಕೆಂಪಕ್ಷರ: ಶಾಂಘೈ ಕಡುಬು, ಉದ್ದ ಶಾವಿಗೆ.
ಕೆಳಗೆ ಸಣ್ಣದಾಗಿ: ಚಿಲ್ಲರೆ ತನ್ನಿ.

ಮುನ್ನೂರ ಹತ್ತು ಯೂನಿಫಾರಂ ಹೊಲಿದು ಮುಗಿಸಿದ ಸಂಜೆ
ಶಮೀನಾ ಅಂದಳು, ಅಕ್ಕಾ, ಇವತ್ತು ಮಂಡಕ್ಕಿ ಮಿರ್ಚಿ ಬೇಡ.
ಚಂಪಕ್ಕ ಅಂದಳು, ನಾನು ಬರೀ ನೋಡ್ತೀನಿ.
ಹೀಗೆ ಮೂವರೂ, ಮೈಗಂಟಿದ ನೂಲಿನ ತುಂಡುಗಳ ಸಮೇತ,
ಒಂದು ಕಾಲು ಕುಂಟುವ ಮೇಜಿಗೆ ಕೂತೆವು.
ಅಳತೆ ಪುಸ್ತಕವನ್ನೇ ಆ ಕಾಲಡಿಗೆ ಕೊಡೋಣವೆಂದುಕೊಂಡೆ,
ಅನ್ನ ಕೊಡುವ ಪುಸ್ತಕ, ಮನಸ್ಸಾಗದೆ ಮೇಜಿನ ಮೇಲಿಟ್ಟೆ.

ಮಾಲೀಕ ಸಾಲ್ವದೋರ, ಸಾಗರದವನು.
ಏಳು ವರ್ಷ ಹಡಗಿನ ಅಡುಗೆಮನೆಯಲ್ಲಿ
ಶಾಂಘೈನ ಮುದುಕನೊಬ್ಬನ ಎಡಕ್ಕೆ ನಿಂತು ಹಿಟ್ಟು ನಾದಿದವನು.
ಒಬ್ಬರ ಮಾತು ಒಬ್ಬರಿಗೆ ಬಾರದು.
ತಪ್ಪಿದರೆ ಬೆರಳಿಗೆ ಲಟ್ಟಣಿಗೆಯ ಏಟು, ಅದೇ ಪಾಠ.

ಹಂದಿ ಉಂಟಾ? ಶಮೀನಾ ಕೇಳಿದಳು, ಮೆಲ್ಲಗೇನಲ್ಲ.
ಇಲ್ಲಮ್ಮ, ಕೋಳಿ. ಹಲಾಲ್ ಅಂಗಡಿಯ ಚೀಟಿಯನ್ನೇ ತೋರಿಸಿದ.
ಮುದುಕನಿಗೆ ಗೊತ್ತಾದರೆ ಮತ್ತೆ ಲಟ್ಟಣಿಗೆ, ಅಂದ.
ಚಂಪಕ್ಕನಿಗೆ ಕಳಲೆ ತುಂಬಿದ್ದು.
ಮೂರು ದಿನ ನೀರು ಬದಲಿಸಿದಿರಾ?
ಮೂರು ದಿನ, ಮೂರು ರಾತ್ರಿ.
ಪಾಸು.

ಬಿದಿರ ಬುಟ್ಟಿ ಬಂತು. ಮುಚ್ಚಳ ತೆಗೆದದ್ದೇ
ನನ್ನ ಕನ್ನಡಕ ಕುರುಡಾಯಿತು. ಒರೆಸಿ ನೋಡುತ್ತೇನೆ:
ಲಂಗ ಗುಂಡಗೆ ಹರಡಿ ಕೂತ ಎಂಟು ಪುಟಾಣಿಗಳು,
ಸೊಂಟದ ತುಂಬ ನೆರಿಗೆ.
ಹೊಟ್ಟೆ ಹಸಿದಿತ್ತು, ಕಣ್ಣು ಎಣಿಸುತ್ತಿತ್ತು.
ಹದಿನೆಂಟು. ಹದಿನೆಂಟು. ಹದಿನೆಂಟು.
ಮೂಲೆಯದಕ್ಕೆ ಹದಿನೇಳು.

ಒಳಗೆ ಸಾರು! ಶಮೀನಾ ಬಾಯಿ ಸುಟ್ಟುಕೊಂಡಳು.
ಚಮಚದಲ್ಲಿ ಕೂರಿಸಿ, ಅಂಚು ಕಚ್ಚಿ, ಮೊದಲು ಹೀರಬೇಕಂತೆ,
ಆಮೇಲೆ ಕರಿ ವಿನಿಗರ್, ಶುಂಠಿಯ ಎಳೆ.
ಹುಣಸೆಯಲ್ಲ, ವಾಟೆಯಲ್ಲ, ಉಪ್ಪಾಗೆಯೂ ಅಲ್ಲ,
ಯಾರೂ ಹೇಳದೆ ಮುಚ್ಚಿಟ್ಟಿದ್ದ
ನಮ್ಮ ಹುಳಿಗಳ ದೊಡ್ಡಪ್ಪನ ಮಗ.

ಇವ್ರೇ, ಒಂದು ನೆರಿಗೆ ಕಮ್ಮಿ ಇದೆ, ಅಂದುಬಿಟ್ಟೆ.
ಅನ್ನಬಾರದಿತ್ತು. ಮೂವತ್ತು ವರ್ಷದ ಚಟ.
ಅವನು ಬಂದ, ಬಗ್ಗಿದ, ತುಟಿಯಲ್ಲೇ ಎಣಿಸಿದ.
ಹೌದು, ಅಂದ. ಒಳಗೆ ಬನ್ನಿ, ಅಂದ.

ಅಂಗೈಯಲ್ಲಿ ಹಿಟ್ಟಿನ ಬಿಲ್ಲೆ, ನಡು ದಪ್ಪ, ಅಂಚು ತೆಳು.
ಅದರ ಮೇಲೆ ತಣ್ಣಗೆ ನಡುಗುವುದೊಂದು ತುಂಡು:
ಕೋಳಿಕಾಲು ಕುದಿಸಿ ಹೆಪ್ಪುಗಟ್ಟಿಸಿದ ಸಾರು.
ಓಹೋ, ಗಟ್ಟಿಯಾಗಿ ಒಳಹೊಕ್ಕು ಆಮೇಲೆ ನೀರಾಗುವುದು!
ಇಂಥ ಅಳಿಯಂದಿರನ್ನು ಕಂಡಿದ್ದೇನೆ.

ಮದುಮಗಳ ಸೀರೆಗೆ, ಭರತನಾಟ್ಯದ ಬೀಸಣಿಗೆಗೆ
ಲೆಕ್ಕವಿಡದೆ ನೆರಿಗೆ ಹಿಡಿದ ಬೆರಳು ನನ್ನದು.
ಬಟ್ಟೆ ಮಾತು ಕೇಳುತ್ತದೆ, ಕೇಳದಿದ್ದರೆ ಇಸ್ತ್ರಿ ಪೆಟ್ಟಿಗೆ.
ಹಿಟ್ಟು ಕೇಳುವುದಿಲ್ಲ. ಬೆರಳಿನ ಬಿಸಿ ಅದಕ್ಕೆ ಗೊತ್ತಾಗುತ್ತದೆ,
ಬೆರಳಿನ ಜಂಬವೂ.
ಒಂಬತ್ತಕ್ಕೆ ಎಳೆಯಿತು. ಹನ್ನೊಂದಕ್ಕೆ ಹರಿಯಿತು.
ಬಿಚ್ಚಿ ಹೊಲಿಯುವ ಹಾಗಿಲ್ಲ.
ಸಾಲ್ವದೋರ ನಗಲಿಲ್ಲ. ಲಟ್ಟಣಿಗೆ ಎತ್ತಿ
ನನ್ನ ಬೆರಳಿಗೆ ಒಮ್ಮೆ ಮುಟ್ಟಿಸಿದ,
ಹತ್ತಿಯಷ್ಟು ಹಗುರಾಗಿ.

ಹರಿದದ್ದನ್ನೂ ಬೇಯಿಸಿ ತಂದ. ಸಾರೆಲ್ಲ ಎಲೆಗೆ ಇಳಿದಿತ್ತು.
ಎಲೆ ಎತ್ತಿ ನೆಕ್ಕಿದೆ, ನೋಡುವವರು ನೋಡಲಿ.

ಅಷ್ಟರಲ್ಲಿ ಶಾವಿಗೆ, ಈರುಳ್ಳಿ ಸೊಪ್ಪಿನೆಣ್ಣೆಯಲ್ಲಿ ಮಿಂದು.
ಬರೀ ನೋಡ್ತೀನಿ ಅಂದಿದ್ದ ಚಂಪಕ್ಕ
ತುದಿ ಸಿಗದ ನೂಲುಂಡೆಗೆ ಕಡ್ಡಿಯಲ್ಲಿ ತಡಕಾಡಿ
ಕಡ್ಡಿ ಬಿಸಾಡಿ ಕೈ ಹಾಕಿದಳು.
ಮೇಜು ಕುಂಟಿತು. ವಿನಿಗರ್ ಬಟ್ಟಲು ಮಗುಚಿ
ಅಳತೆ ಪುಸ್ತಕದ ಮೇಲೆ.

ಕಾಶೀಬಾಯಿಯ ಸೊಸೆ, ನಾಡಿದ್ದು ಸೀಮಂತ,
ಸೊಂಟ ಮೂವತ್ತಾರೋ ಮೂವತ್ತೆಂಟೋ, ಬರೀ ಕಂದು.
ಬಿಡೇ, ಅಂದಳು ಚಂಪಕ್ಕ, ಬಾಯಿಂದ ಶಾವಿಗೆ ಇಳಿಬಿದ್ದಿರಲು,
ಏಳು ತಿಂಗಳ ಸೊಂಟ, ಹೇಗೂ ನಿಂತಲ್ಲಿ ನಿಂತಿರಲ್ಲ.
ಪುಟ ಎತ್ತಿ ಮೂಸಿದೆ.
ಇನ್ನೊಂದು ಬುಟ್ಟಿ ಹೇಳಿದೆ.